ಕಟ್ಟಿಗೆ ಹಿಟ್ಟಿಗೆ ನೀರು

ಭಂಕೂರಿನ ಅನಸುಬಾಯಿ ನೀರು ಚಿಮುಕಿಸದೆ ಕಸಬರಿಗೆ ಮುಟ್ಟುವವಳಲ್ಲ. ಅಂಗಳವಿರಲಿ, ಒಳಮನೆಯಿರಲಿ, ಬೇರೆಯವರ ಮದುವೆಯ ಚಪ್ಪರವೇ ಇರಲಿ, ಮೊದಲು ತಂಬಿಗೆ, ಆಮೇಲೆ ಕಸಬರಿಗೆ. ಎಡಗೈಯಲ್ಲಿ ತಂಬಿಗೆ ಹಿಡಿದು, ಬಲಗೈಯ ಬೆರಳು ಅದ್ದಿ ನೀರು ಎರಚುತ್ತ ಹೋಗುವಳು. ಅದರಲ್ಲೇನು ವಿಶೇಷ, ಎಲ್ಲ ಹೆಂಗಸರೂ ಮಾಡುವುದೇ ಅಲ್ಲವೇ ಎನ್ನಬಹುದು. ಆದರೆ ಅನಸುಬಾಯಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂಡುವ ಮೊದಲೂ ತನ್ನ ಬಾಟಲಿಯಿಂದ ನಾಲ್ಕು ಹನಿ ನೆಲಕ್ಕೆ ಬಿಡುತ್ತಿದ್ದಳು. ನೋಡಿದವರು ನಗುತ್ತಿದ್ದರು. ನಗುವವರಿಗೇನು, ನಗಲಿ. ಅವರ ಮನೆಯಲ್ಲಿ ಲಾಲಪ್ಪ ಇರಲಿಲ್ಲ.

ಲಾಲಪ್ಪ ಅವಳ ಗಂಡ. ಶಹಾಬಾದಿನ ಒಂದು ಫರಸಿ ಕಾರ್ಖಾನೆಯಲ್ಲಿ, ನೆಲಕ್ಕೆ ಹಾಸುವ ಕಲ್ಲು ಕೊಯ್ಯುವ ಮಿಷನ್ನಿನ ಮುಂದೆ ನಿಂತು ಪ್ರಾಯ ಕಳೆದವನು. ಫರಸಿ ಕೊಯ್ಯುವಾಗ ತಿರುಗುವ ಚಕ್ರದ ಮೇಲೆ ಸದಾ ನೀರು ಬೀಳುತ್ತಿರಬೇಕು. ಬಿದ್ದರೆ ಕಲ್ಲಿನ ಪುಡಿ ರಾಡಿಯಾಗಿ ಕೆಳಗೆ ಹರಿಯುತ್ತದೆ, ಬೀಳದಿದ್ದರೆ ಮೇಲೆದ್ದು ಎದೆಗೆ ಹೋಗುತ್ತದೆ. ಇದು ಶಹಾಬಾದಿನ ಕೂಸಿಗೂ ಗೊತ್ತು. ಬೇಸಿಗೆಯಲ್ಲಿ ಕಾರ್ಖಾನೆಯ ಬಾವಿ ಬತ್ತಿದಾಗ ಹಳೆ ಸಾವ್ಕಾರರು ‘ಇವತ್ತೊಂದಿನ ಒಣಾನೇ ಕೊಯ್ರಿ’ ಎನ್ನುತ್ತಿದ್ದರು. ಆ ಇವತ್ತೊಂದು ದಿನ ಮಳೆಗಾಲದ ತನಕ ಮುಗಿಯುತ್ತಿರಲಿಲ್ಲ. ಲಾಲಪ್ಪನ ಕೆಮ್ಮಿಗೆ ಒಬ್ಬ ಡಾಕ್ಟರು ಒಂದು ಹೆಸರು ಹೇಳಿದರು, ಇನ್ನೊಬ್ಬರು ಇನ್ನೊಂದು ಹೇಳಿದರು. ಹೆಸರು ಯಾವುದಾದರೇನು, ಮನುಷ್ಯ ಹೋದ. ಕೊನೆಕೊನೆಗೆ ಅವನು ಮಲಗಿದ ಹಾಸಿಗೆಯ ಸುತ್ತಲೂ ಅನಸುಬಾಯಿ ನೀರು ಚಿಮುಕಿಸುತ್ತಿದ್ದಳು. ಅದರಿಂದ ಏನೂ ಆಗಲಿಲ್ಲ, ಆದರೆ ಕೈಗೆ ಅದೇ ರೂಢಿಯಾಯಿತು.

ಅವನನ್ನು ಮಣ್ಣು ಮಾಡಿ ಬಂದ ದಿನವೇ ಅವಳು ತನ್ನ ಮಗಳು ರಮಾಬಾಯಿಗೆ ಒಂದು ಮಾತು ಹೇಳಿದ್ದಳು. “ನೋಡವ್ವಾ, ಉಪಾಸ ಬಿದ್ರೂ ಅಡ್ಡಿಯಿಲ್ಲ, ಈ ಮನಿಯಿಂದ ಇನ್ನೊಂದು ಜೀವ ಫರಸಿ ಕೆಲ್ಸಕ್ಕ ಹೋಗಬಾರದು.” ಗೋಡೆಯ ಮೇಲಿದ್ದ ಬಾಬಾಸಾಹೇಬರ ಫೋಟೋದ ಮುಂದೆ ನಿಂತು ಹೇಳಿದ ಮಾತದು. ರಮಾಬಾಯಿ ಆಗ ಹೈಸ್ಕೂಲಿನಲ್ಲಿದ್ದಳು, ಈಗ ಶಹಾಬಾದಿನ ಕಾಲೇಜಿಗೆ ಹೋಗುತ್ತಾಳೆ. ಮನೆಯಲ್ಲಿ ಹಿಟ್ಟು ತೀರಿದಾಗಲೆಲ್ಲ ‘ನಾನೂ ಫರಸಿ ಪಾಲಿಶ್ ಮಿಷನ್ನಿಗೆ ಹೋಗ್ಲೇನು, ಗೆಳತಿಯರೆಲ್ಲ ಹೋಗ್ತಾರ’ ಎಂದು ಕೇಳುವಳು. ಅನಸುಬಾಯಿ ಬೇಡವೆಂದು ತಾನೇ ಕೂಲಿಗೆ ಹೊರಡುವಳು. ತೊಗರಿ ಕೊಯ್ಲಿಗೆ ಹೋದಳು, ಹತ್ತಿ ಬಿಡಿಸಲು ಹೋದಳು, ಕೂಲಿ ಸಿಗದ ತಿಂಗಳುಗಳಲ್ಲಿ ಹಲ್ಲು ಕಚ್ಚಿಕೊಂಡು ಕೂತಳು. ಫರಸಿಯ ಕಡೆ ಮಾತ್ರ ಹೊರಳಿಯೂ ನೋಡಲಿಲ್ಲ.

ಅಂಥ ಹೊತ್ತಿನಲ್ಲಿ ಬಸವಲಿಂಗ ಹೊಸ ಉದ್ಯೋಗ ತೆಗೆದ. ಇವನು ಅದೇ ಹಳೆ ಸಾವ್ಕಾರರ ಮಗ. ಮನೆಮನೆಗೆ ಟೈಲ್ಸ್ ಬಂದ ಮೇಲೆ ಫರಸಿ ಕೇಳುವವರು ಕಡಿಮೆಯಾದರು. ಅಪ್ಪ ತೀರಿದ ಮೇಲೆ ಕಲ್ಲಿನ ಮಿಷನ್ನುಗಳನ್ನು ಮಾರಿ, ಅದೇ ಕಂಪೌಂಡಿನಲ್ಲಿ ತಗಡಿನ ಶೆಡ್ಡು ಹಾಕಿಸಿ, ಕಟ್ಟಿಗೆ ಮತ್ತು ಪ್ಲಾಸ್ಟಿಕ್ ಕೂಡಿಸಿ ಬಾಗಿಲು ಚೌಕಟ್ಟು ಮಾಡುವ ಕಾರ್ಖಾನೆ ಇಟ್ಟ. ಡಬ್ಲ್ಯುಪಿಸಿ ಎಂದು ಬೋರ್ಡು ಬರೆಸಿದ. ಊರವರು ಅದನ್ನು ‘ಚೀಲದ ಬಾಗಲಾ’ ಎಂದು ಕರೆದರು.

ಚೀಲದ ಬಾಗಿಲು ಎಂದದ್ದು ಸುಳ್ಳೇನಲ್ಲ. ಸಿಮೆಂಟ್ ತುಂಬಿ ಬರುವ ಪ್ಲಾಸ್ಟಿಕ್ ಚೀಲಗಳಿವೆಯಲ್ಲ, ಅವನ್ನು ತೊಳೆದು, ಕತ್ತರಿಸಿ, ಕರಗಿಸುತ್ತಿದ್ದರು. ಅದಕ್ಕೆ ಹಳೆ ಕಟ್ಟಿಗೆಯ ಹಿಟ್ಟು ಬೆರೆಸುತ್ತಿದ್ದರು. ಎರಡೂ ಕೂಡಿ ಬಿಸಿ ಮಿಷನ್ನಿನ ಬಾಯಿಂದ ಉದ್ದಕ್ಕೆ ಪಟ್ಟಿಯಾಗಿ ಹೊರಬಂದು, ಆರಿದ ಮೇಲೆ ಕಟ್ಟಿಗೆಯ ಹಾಗೇ ಕಾಣುತ್ತಿತ್ತು. ಮೊಳೆ ಹೊಡೆಯಬಹುದು, ರಂಧಾ ಹಾಕಿ ಹೆರೆಯಬಹುದು. ಗೆದ್ದಲು ತಿನ್ನುವುದಿಲ್ಲ, ನೀರಿಗೆ ಕೊಳೆಯುವುದಿಲ್ಲ. ವಾಡಿಯ ಕಡೆಯಿಂದ ಒಡೆದ ಪೆಟ್ಟಿಗೆ ಹಲಗೆ, ಚಿತ್ತಾಪುರದಲ್ಲಿ ಕೆಡವಿದ ಹಳೆ ಮನೆಗಳ ಜಂತಿ ತೊಲೆ, ಯಾರಿಗೂ ಬೇಡವಾದ ಮುರುಕು ಮಂಚ, ಇವೆಲ್ಲ ಅಲ್ಲಿಗೆ ಬರುತ್ತಿದ್ದವು. “ಮರ ಕಡೀಬೇಕಾಗಿಲ್ಲ, ಒಣಗಸ್ಬೇಕಾಗಿಲ್ಲ. ನಮ್ಮ ಅಜ್ಜನ ಕಾಲದಿಂದ ಒಣಗಿದ ಕಟಗಿ ಇವು” ಎಂದು ಬಸವಲಿಂಗ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಆ ಮಾತು ನೆನಪಿರಲಿ.

ಕಟ್ಟಿಗೆ ತರುವವನು ಸೊಹೇಲ್, ವಾಡಿಯಲ್ಲಿ ಗುಜರಿ ವ್ಯಾಪಾರ ಮಾಡುವ ಹುರುಪಿನ ಹುಡುಗ. ಅವನ ತಾಯಿ ನಜಮುನ್ನೀಸಾ ಅದೇ ಕಾರ್ಖಾನೆಯ ಅಂಗಳದಲ್ಲಿ ಕೂತು ಹಲಗೆಗಳಿಂದ ಮೊಳೆ ಕೀಳುತ್ತಿದ್ದಳು. ಅವಳೂ ಅನಸುಬಾಯಿಯೂ ಹಿಂದೆ ಹಳೆ ಸಾವ್ಕಾರರ ಕಾಲದಲ್ಲಿ ಜೊತೆಯಲ್ಲೇ ಫರಸಿ ಹೊತ್ತವರು, ಒಂದೇ ಬುತ್ತಿಯಲ್ಲಿ ರೊಟ್ಟಿ ಮುರಿದವರು. ಅನಸುಬಾಯಿಗೆ ಈ ಕೆಲಸ ಕೊಡಿಸಿದವಳೂ ಅವಳೇ. “ಕಲ್ಲಲ್ಲ ಅನಸಕ್ಕಾ, ಕಟಗಿ. ಬಾ, ಹಾಸಿಗಿ ಮ್ಯಾಲ ಕೂತಂಗ ಮೆತ್ತಗ ಅದ” ಎಂದು ಕರೆದಿದ್ದಳು. ಅದೇ ಕಂಪೌಂಡಿಗೆ ಮತ್ತೆ ಕಾಲಿಡುವುದೇ ಎಂದು ಅನಸುಬಾಯಿ ಎರಡು ದಿನ ಯೋಚಿಸಿದಳು. ಕಡೆಗೆ, ಕಲ್ಲಂತೂ ಅಲ್ಲವಲ್ಲ ಎಂದುಕೊಂಡು ಹೋದಳು.

ಅವಳ ಕೆಲಸ ಪುಡಿ ಮಾಡುವ ಮಿಷನ್ನಿನದು. ನಜಮುನ್ನೀಸಾ ಮೊಳೆ ಕಿತ್ತು ಕೊಟ್ಟ ಚೂರುಗಳನ್ನು ಅದರ ಬಾಯಿಗೆ ಹಾಕಬೇಕು. ಕೆಳಗೆ ಬಿದ್ದ ಹಿಟ್ಟನ್ನು ಚೀಲಕ್ಕೆ ತುಂಬಿ ಒಳಗೆ ಬಿಸಿ ಮಿಷನ್ನಿನ ಹತ್ತಿರ ಇಡಬೇಕು. ಮೊದಲನೆಯ ದಿನವೇ ಮಿಷನ್ ಗರ್ ಎಂದದ್ದೇ ತಡ, ಹಿಟ್ಟು ಮೋಡದಂತೆ ಎದ್ದಿತು. ಅನಸುಬಾಯಿಯ ಕೈ ತಾನಾಗಿಯೇ ತಂಬಿಗೆಗೆ ಹೋಯಿತು. ಮಿಷನ್ನಿನ ಬಾಯಿಗಿಷ್ಟು, ಹಿಟ್ಟಿನ ಗುಂಪಿಗಿಷ್ಟು ಚಿಮುಕಿಸಿದಳು. ಧೂಳು ಕೂತಿತು, ಅವಳೂ ನಿಶ್ಚಿಂತೆಯಾಗಿ ಕೂತಳು.

ಎಲ್ಲರ ಎದುರಿಗೇ ಹಾಕುತ್ತಿದ್ದಳು. ಕದ್ದು ಹಾಕಿದ್ದರೆ ಯಾರಾದರೂ ನೋಡಿಬಿಡುತ್ತಿದ್ದರು. ಬಸವಲಿಂಗ ದಿನಕ್ಕೆ ನಾಲ್ಕು ಸಲ ಅವಳ ಮುಂದಿನಿಂದಲೇ ಹಾದುಹೋಗುತ್ತಿದ್ದ. ಶಹಾಬಾದಿನಲ್ಲಿ ಹುಟ್ಟಿದವನಿಗೆ ಮಿಷನ್ನಿನ ಹತ್ತಿರ ನೀರು ಹಾಕುವುದು ಕಂಡರೆ ಕಣ್ಣು ಅಲ್ಲಿ ನಿಲ್ಲುವುದೇ ಇಲ್ಲ, ಬಾಗಿಲ ಮುಂದೆ ಚಪ್ಪಲಿ ಕಂಡಷ್ಟೇ ಸಹಜ.

ಕಳೆದ ಬೇಸಿಗೆಯಲ್ಲಿ ಸೇಡಂನ ಒಂದು ಹಾಸ್ಟೆಲಿನವರು ಎಲ್ಲ ಕೋಣೆಗಳಿಗೂ ಚೌಕಟ್ಟು ಬೇಕೆಂದು ಹೇಳಿಹೋದರು. ಹೊಸ ಕಾರ್ಖಾನೆಗೆ ಅದು ಮೊದಲ ದೊಡ್ಡ ಕೆಲಸ. ಅವರು ಮೆಚ್ಚಿದ್ದು ಮಾದರಿಯ ತುಂಡು ನೋಡಿ, ಆ ತುಂಡು ಮಾಡಿದ್ದು ಹೊರಗಿನಿಂದ ತರಿಸಿದ ಸಿದ್ಧ ಹಿಟ್ಟಿನಿಂದ. ಈಗ ತಮ್ಮದೇ ಹಿಟ್ಟು ಹಾಕಿ ಶುರುಮಾಡಿದರೆ, ಮಿಷನ್ನಿನಿಂದ ಬಂದ ಪಟ್ಟಿಯ ತುಂಬ ಗುಳ್ಳೆ. ಕೊಯ್ದು ನೋಡಿದರೆ ಒಳಗೆಲ್ಲ ತೂತು. ಸ್ಕ್ರೂ ತಿರುಗಿಸಿದರೆ ಪುಸಕ್ಕನೆ ಒಳಗೆ ಹೋಗುತ್ತಿತ್ತು, ಎಳೆದರೆ ಅಷ್ಟೇ ಸಲೀಸಾಗಿ ಹೊರಗೆ. ಇಂಥ ಚೌಕಟ್ಟಿಗೆ ಬಾಗಿಲು ಹಾಕಿದರೆ ಹಾಸ್ಟೆಲಿನ ಹುಡುಗರು ಮೊದಲ ರಾತ್ರಿಯೇ ಕಿತ್ತು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು.

ಬಿಸಿ ಮಿಷನ್ ನಡೆಸುವವನು ಚಿಂಚೋಳಿಯ ಸಾಯಿಕುಮಾರ, ಐಟಿಐ ಓದಿದವನು. ಮಿಷನ್ ಬಿಚ್ಚಿ ತೊಳೆದ, ಬಿಸಿ ಹೆಚ್ಚು ಮಾಡಿದ, ಕಡಿಮೆ ಮಾಡಿದ. ಗುಳ್ಳೆ ಹೋಗಲಿಲ್ಲ. ಮಿಷನ್ ಮಾರಿದವರಿಗೆ ಫೋನು ಹಚ್ಚಿದರೆ ಅವರು ಒಂದೇ ಮಾತು ಹೇಳಿದರು: ನಿಮ್ಮ ಕಟ್ಟಿಗೆ ಹಸಿ ಇದೆ.

ಅಷ್ಟೇ ಸಾಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬಸವಲಿಂಗ ಸೊಹೇಲನ ಟೆಂಪೋ ಗೇಟಿನಲ್ಲೇ ನಿಲ್ಲಿಸಿದ.

“ಎಲ್ಲಿ ನೆನಸ್ಕೊಂಡು ತರ್ಲಿಕತ್ತಿ ಇವನ್ನ? ತೂಕ ಬರ್ಲಿ ಅಂತೇನು?”

ಸೊಹೇಲನಿಗೆ ಮೊದಲು ಅರ್ಥವೇ ಆಗಲಿಲ್ಲ. “ಏನ್ ಮಾತಾಡ್ತೀರಿ ಸಾವ್ಕಾರ್ರ? ಈ ಬಿಸಲಾಗ ಕುಡೀಲಿಕ್ಕೇ ನೀರಿಲ್ಲ, ಕಟಗಿ ನೆನಸ್ಲಿಕ್ಕೆ ಎಲ್ಲಿಂದ ತರ್ಲಿ? ಮುಟ್ಟಿ ನೋಡ್ರಿ.”

“ಮ್ಯಾಲ ಮುಟ್ಟಿದ್ರ ಒಣಾನೇ ಇರ್ತದ. ಒಳಗಿಂದು ಮಿಷನ್ ಹೇಳ್ತದ.”

“ಖುದಾನ ಆಣಿ, ನಾ ಹಂಗ ಮಾಡಾವ ಅಲ್ಲ.”

“ಆಣಿ ಗೀಣಿ ಬ್ಯಾಡ. ನಾಳಿಂದ ಗಾಡಿ ತರಬ್ಯಾಡ. ಚಿತ್ತಾಪುರದವ ಒಬ್ಬಾವ ಅದಾನ, ಅವನಿಂದ ತರಸ್ತೀನಿ.”

ಸೊಹೇಲ್ ಅಲ್ಲೇ ನಿಂತು ತಾಯಿಯ ಕಡೆ ನೋಡಿದ. ನಜಮುನ್ನೀಸಾ ತಲೆ ಎತ್ತಲಿಲ್ಲ, ಕೈಯಲ್ಲಿದ್ದ ಮೊಳೆಯನ್ನು ಕೀಳುತ್ತಲೇ ಇದ್ದಳು. ಅವನು ತುಂಬಿದ ಟೆಂಪೋವನ್ನೇ ತಿರುಗಿಸಿಕೊಂಡು ಹೋದ. ಗುಜರಿಯವನಿಗೆ ಅಂಗಡಿ, ಹೊಲ ಏನೂ ಇರುವುದಿಲ್ಲ, ಇರುವುದು ಹೆಸರೊಂದೇ. ನೀರು ಹಾಕಿ ತೂಕ ಮಾಡುತ್ತಾನೆ ಎಂಬ ಮಾತು ವಾಡಿಯ ತನಕ ಹೋದರೆ ಇನ್ನು ಯಾರು ಅವನನ್ನು ಅಂಗಳಕ್ಕೆ ಕರೆಯುತ್ತಾರೆ? ಅನಸುಬಾಯಿಗೆ ಬಹಳ ಬೇಸರವಾಯಿತು. ಹುಡುಗ ಅಂಥವನಲ್ಲ ಎಂದು ಅವಳಿಗೆ ಗೊತ್ತಿತ್ತು. ಬೇಸರದಲ್ಲೇ ತಂಬಿಗೆ ತುಂಬಿಕೊಂಡು ಬಂದು ಕೆಲಸಕ್ಕೆ ಕೂತಳು.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಎಲ್ಲರೂ ಶೆಡ್ಡಿನ ನೆರಳಲ್ಲಿ ಕೂತಿದ್ದರು. ಕಟ್ಟಿಗೆ ಒಂದಿಷ್ಟು ಹಸಿಯಾಗಿದ್ದರೆ ಅಷ್ಟು ದೊಡ್ಡ ಮಿಷನ್ನಿಗೆ ಏನು ಬಾಧೆ ಎಂದು ಯಾರೋ ಕೇಳಿದರು. ಸಾಯಿಕುಮಾರ ಅನಸುಬಾಯಿಯ ಬುತ್ತಿಯಿಂದ ಜೋಳದ ರೊಟ್ಟಿ ಎತ್ತಿ ತೋರಿಸಿದ.

“ಇದು ಹಂಚಿನ ಮ್ಯಾಲ ಯಾಕ ಉಬ್ಬತದ ಹೇಳ್ರಿ? ಹಿಟ್ಟಿನ್ಯಾಗ ನೀರದ ಅಂತ. ನೀರು ಬಿಸಿಗಿ ಉಗಿ ಆಗ್ತದ, ಉಗಿ ಹೊರಗ ಬರ್ಲಿಕ್ಕೆ ಹಾದಿ ನೋಡ್ತದ. ನಮ್ಮ ಚೌಕಟ್ಟೂ ಹಂಗೇ ಉಬ್ಬಾಕತ್ತದ. ಕಟಗಿ ಹಿಟ್ಟಿನ್ಯಾಗ ಹನಿ ನೀರು ಇರಬಾರ್ದು. ಒಂದು ತಂಬಿಗಿ ಸಾಕು, ಇಡೀ ದಿನದ ಮಾಲು ಹಾಳು.”

ಅನಸುಬಾಯಿ ಬಾಯಿಗಿಟ್ಟ ತುತ್ತು ಹಾಗೇ ಉಳಿಯಿತು. ತಂಬಿಗೆ ಅವಳ ಪಕ್ಕದಲ್ಲೇ ಇತ್ತು. ಅದನ್ನು ಸೆರಗಿನಿಂದ ಮುಚ್ಚಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ. ಯಾರೂ ನೋಡಲಿಲ್ಲ. ನಜಮುನ್ನೀಸಾ ಒಬ್ಬಳು ಬೇರೆ ಕಡೆ ಮುಖ ತಿರುಗಿಸಿದಳು.

ಮರುದಿನ ಅನಸುಬಾಯಿ ನೀರು ಹಾಕಲಿಲ್ಲ. ಮೂಗಿಗೆ ಸೆರಗು ಬಿಗಿದು ಕೂತಳು. ಹಿಟ್ಟು ಎದ್ದು ಕಣ್ಣಿನ ರೆಪ್ಪೆಗೆ, ಕೂದಲಿಗೆ, ಗಂಟಲಿಗೆ ಕೂತಿತು. ಎರಡು ಸಲ ಹೊರಗೆ ಹೋಗಿ ಕೆಮ್ಮಿದಳು. ಅದು ಅವಳ ಕೆಮ್ಮಿನ ಹಾಗಿರಲಿಲ್ಲ, ಲಾಲಪ್ಪನ ಕೆಮ್ಮಿನ ಹಾಗಿತ್ತು. ಆದರೆ ಸಂಜೆಗೆ ಒಳಗಿನಿಂದ ಸಾಯಿಕುಮಾರನ ಕೂಗು ಕೇಳಿಸಿತು. ಪಟ್ಟಿ ನುಣ್ಣಗೆ ಬಂದಿತ್ತು. ಕೊಯ್ದರೆ ತೂತಿಲ್ಲ, ಸ್ಕ್ರೂ ಕಚ್ಚಿ ಹಿಡಿಯಿತು.

“ನೋಡಿದ್ರೇನು, ಚಿತ್ತಾಪುರದವನ ಕಟಗಿ ಹ್ಯಾಂಗದ” ಎಂದು ಬಸವಲಿಂಗ ಎಲ್ಲರಿಗೂ ಚಹಾ ತರಿಸಿದ.

ಚಿತ್ತಾಪುರದವನ ಗಾಡಿ ಇನ್ನೂ ಬಂದೇ ಇರಲಿಲ್ಲ. ಅಂಗಳದಲ್ಲಿ ರಾಶಿ ಬಿದ್ದಿದ್ದದ್ದು ಹಿಂದಿನ ವಾರ ಸೊಹೇಲ್ ತಂದ ಹಲಗೆಗಳೇ. ಖುಷಿಯಲ್ಲಿದ್ದವನಿಗೆ ಅದನ್ನು ಹೋಗಿ ನೋಡಬೇಕೆನ್ನಿಸಲಿಲ್ಲ. ಗೊತ್ತಿದ್ದದ್ದು ಅನಸುಬಾಯಿಗೆ, ಮತ್ತು ಆ ಹಲಗೆಗಳ ಮೊಳೆ ಕಿತ್ತವಳಿಗೆ.

ಸಂಜೆ ಇಬ್ಬರೂ ಭಂಕೂರಿನ ದಾರಿಯಲ್ಲಿ ಒಂದಷ್ಟು ದೂರ ಜೊತೆಯಲ್ಲಿ ನಡೆದರು. ನಜಮುನ್ನೀಸಾ ತನ್ನ ಓಣಿಗೆ ತಿರುಗುವಾಗ ಒಂದೇ ಮಾತು ಕೇಳಿದಳು.

“ಇವತ್ತ ನೀರು ಹಾಕ್ಲಿಲ್ಲೇನು?”

“ಇಲ್ಲ.”

“ಹ್ಞೂಂ” ಎಂದು ಹೋದಳು.

ಬೈದಿದ್ದರೆ ಅನಸುಬಾಯಿ ತಡೆದುಕೊಳ್ಳುತ್ತಿದ್ದಳು. ಜಗಳಕ್ಕೆ ಜಗಳ ಮಾಡಿ, ಅತ್ತು, ಮುಗಿಸಬಹುದಿತ್ತು. ಆ ಹೆಂಗಸಿಗೆ ಮೊದಲಿನಿಂದಲೂ ಗೊತ್ತಿತ್ತೋ, ರೊಟ್ಟಿಯ ಮಾತು ಕೇಳಿದ ಮೇಲೆ ಗೊತ್ತಾಯಿತೋ, ಯಾರಿಗೆ ಗೊತ್ತು. ಗೊತ್ತಿದ್ದೂ ಮಗನ ಪರವಾಗಿ ಬಾಯಿ ಬಿಟ್ಟಿರಲಿಲ್ಲ. ಬಿಟ್ಟರೆ ಅನಸುಬಾಯಿಯ ಕೆಲಸ ಹೋಗುತ್ತದೆ. ಕೆಲಸ ಹೋದರೆ ಅವಳಿಗೆ ಫರಸಿ ಬಿಟ್ಟು ಬೇರೆ ದಾರಿಯಿಲ್ಲ. ಅದು ನಜಮುನ್ನೀಸಾಗೂ ಗೊತ್ತಿದ್ದದ್ದೇ.

ಅನಸುಬಾಯಿ ಮನೆಗೆ ಬಂದು ಹಂಚಿಟ್ಟಳು. ರೊಟ್ಟಿ ಉಬ್ಬಿತು. ಅದನ್ನೇ ನೋಡುತ್ತ ಕೂತವಳು ಅದು ಸುಟ್ಟು ಹೊಗೆ ಬಂದ ಮೇಲೆ ತೆಗೆದಳು. ಸುಮ್ಮನಿದ್ದರೆ ಏನಾಗುತ್ತದೆ? ಚೌಕಟ್ಟು ಚೆನ್ನಾಗಿ ಬರುತ್ತದೆ, ಕೆಲಸ ಉಳಿಯುತ್ತದೆ, ರಮಾಬಾಯಿಯ ಕಾಲೇಜು ನಡೆಯುತ್ತದೆ. ತಾನು ಧೂಳು ತಿನ್ನಬೇಕು ಅಷ್ಟೇ, ಸೊಹೇಲ್ ಕಳ್ಳನಾಗಬೇಕು ಅಷ್ಟೇ. ಮೊದಲನೆಯದನ್ನು ಹೇಗೋ ನುಂಗಬಹುದಿತ್ತು. ಎರಡನೆಯದು ಗಂಟಲಲ್ಲಿ ಇಳಿಯಲಿಲ್ಲ. ಅವಳು ಏನೂ ಹೇಳದೆ ಮಗಳಿಗೆ ಬಡಿಸಿ, ತಾನು ಉಣ್ಣದೆ ಮಲಗಿದಳು.

ಬೆಳಿಗ್ಗೆ ಬಸವಲಿಂಗ ಬರುವುದನ್ನೇ ಗೇಟಿನಲ್ಲಿ ಕಾದು ನಿಂತಳು. ತಂಬಿಗೆ ಕೈಯಲ್ಲಿತ್ತು.

“ಸಾವ್ಕಾರ್ರ, ಸೊಹೇಲಂದು ತಪ್ಪಿಲ್ರಿ. ಕಟಗಿ ಒಣಾನೇ ಇದ್ದವು. ಹಿಟ್ಟಿಗಿ ನೀರು ಹಾಕ್ತಿದ್ದಾಕಿ ನಾನು.”

ಬಸವಲಿಂಗ ಗಾಡಿಯಿಂದ ಇಳಿದವನು ಹಾಗೇ ನಿಂತ. “ಏನಂದಿ?”

“ಧೂಳು ಏಳಬಾರದು ಅಂತ ಚಿಮುಕಸ್ತಿದ್ದೆ. ನಿನ್ನೆ ಹಾಕ್ಲಿಲ್ಲ, ನಿನ್ನೆ ಛಲೋ ಬಂತು. ನಿನ್ನೆ ಮಿಷನ್ನಿಗಿ ಹಾಕಿದ್ದೂ ಸೊಹೇಲನ ಕಟಗೀನೇ.”

ಅವನ ಮುಖ ಕೆಂಪಾಯಿತು. ಎರಡು ವಾರದ ಮಾಲು ಮೂಲೆಯಲ್ಲಿ ಬಿದ್ದಿತ್ತು. ಸೇಡಂನವರು ದಿನಾ ಫೋನು ಮಾಡುತ್ತಿದ್ದರು. “ತಲಿ ಎಲ್ಲದ ನಿಂದು? ಕಟಗಿ ಹಿಟ್ಟಿಗಿ ನೀರು ಹಾಕು ಅಂತ ನಿನಗ ಹೇಳ್ದವರು ಯಾರು?”

“ಯಾರೂ ಹೇಳಿಲ್ರಿ” ಎಂದಳು ಅನಸುಬಾಯಿ. ಇಷ್ಟಕ್ಕೇ ಸುಮ್ಮನಾಗಬೇಕೆಂದು ಮನೆಯಿಂದ ಗಟ್ಟಿ ಮಾಡಿಕೊಂಡು ಬಂದಿದ್ದಳು. ಆದರೆ ಮಾತು ಬಂದುಬಿಟ್ಟಿತು. “ಇದೇ ಜಾಗಾದಾಗ ನಿಮ್ಮ ಅಪ್ಪಾರು ನೀರು ಹಾಕಬ್ಯಾಡ ಅಂದಾಗ ನಾವು ಹಾಕ್ಲಿಲ್ಲ. ನನ್ನ ಮನಿಯವ ಹ್ವಾದ. ಅದಕ್ಕ ಈ ಸಲ ಯಾರನ್ನೂ ಕೇಳ್ದೆ ಹಾಕ್ದೆ.”

ಅಂಗಳದಲ್ಲಿ ಸುತ್ತಿಗೆಯ ಸದ್ದು ನಿಂತಿತು. ಬಸವಲಿಂಗ ಏನೋ ಹೇಳಲು ಬಾಯಿ ತೆರೆದು, ಬೇರೆ ಏನನ್ನೋ ಹೇಳಿದ. “ನಾಳಿಂದ ಬರಬ್ಯಾಡ.” ಎರಡು ಹೆಜ್ಜೆ ಹೋಗಿ ತಿರುಗಿದ. “ಇವತ್ತೂ ಬ್ಯಾಡ, ಹೋಗು. ನಜಮಾ, ನಿನ್ನ ಮಗಗ ಗಾಡಿ ತರು ಅಂತ ಹೇಳು.”

ಸೊಹೇಲನ ಹೆಸರು ಉಳಿಯಿತು, ಅವಳ ಕೆಲಸ ಹೋಯಿತು. ಅನಸುಬಾಯಿ ದಾರಿಯುದ್ದಕ್ಕೂ ಲೆಕ್ಕ ಹಾಕಲಿಲ್ಲ, ಅಳಲೂ ಇಲ್ಲ. ಮನೆಗೆ ಬಂದು ಅಂಗಳಕ್ಕೆ ನೀರು ಚಿಮುಕಿಸಿ ಕಸ ಹೊಡೆದಳು.

ಕೆಲವು ದಿನ ಕೂಲಿ ಹುಡುಕಿದಳು. ಬೇಸಿಗೆಯಲ್ಲಿ ಹೊಲದಲ್ಲೇನಿರುತ್ತದೆ? ಮಳಖೇಡದ ಕಡೆ ಹೋಗಿ ಕೇಳಿ ಬಂದಳು, ಇಲ್ಲವೆಂದರು. ಒಂದು ದಿನ ಬೆಳಿಗ್ಗೆ ರಮಾಬಾಯಿ ಹಳೆ ಸೀರೆಯುಟ್ಟು, ಮುಖಕ್ಕೆ ಬಟ್ಟೆ ಸುತ್ತಿಕೊಂಡು ಹೊರಟಳು.

“ಎಲ್ಲಿಗಿ?”

“ಪಾಲಿಶ್ ಮಿಷನ್ನಿಗಿ. ರಜಾ ಮುಗಿಯೋತನಕ ಅಷ್ಟೇ.”

“ಅಷ್ಟೇ” ಎಂದಳು ಅನಸುಬಾಯಿ. ಇವತ್ತೊಂದಿನ, ರಜಾ ಮುಗಿಯೋತನಕ, ಮಳೆ ಬರೋತನಕ. ಅವಳು ಎದ್ದು ಹೋಗಿ ಬಾಗಿಲಿಗೆ ಅಡ್ಡ ಕೂತಳು. “ನೀ ಕೂಡು. ಹೋಗೋದಾದ್ರ ನಾ ಹೋಗ್ತೀನಿ. ನಂದೇನು, ಅರ್ಧಾ ಆಯುಷ್ಯ ಮುಗದದ.” ಹೇಳಿಬಿಟ್ಟಳು. ಹೇಳಿದ ಮೇಲೆ ಬಾಬಾಸಾಹೇಬರ ಫೋಟೋದ ಕಡೆ ನೋಡಲಾಗಲಿಲ್ಲ. ಸೋಮವಾರದಿಂದ ಬರುತ್ತೇನೆಂದು ಪಾಲಿಶ್ ಮಿಷನ್ನಿನ ಮುಕಾದಮನಿಗೆ ಅಂದೇ ಹೇಳಿ ಬಂದಳು.

ಶನಿವಾರ ನಜಮುನ್ನೀಸಾ ಬಂದಳು. ಬಂದವಳೇ ಹೊಸ್ತಿಲ ಮೇಲೆ ಕೂತು ನಗತೊಡಗಿದಳು. ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು.

“ಏನಾಗ್ಯದ ನಿನಗ?” ಎಂದಳು ಅನಸುಬಾಯಿ.

“ಕೇಳು ಅನಸಕ್ಕಾ. ನೀ ಹ್ವಾದ ಮ್ಯಾಲ ನಿನ್ನ ಜಾಗಾಕ್ಕ ಸೂಗಮ್ಮನ್ನ ಕೂಡಿಸಿದ್ರು. ನೀರು ಹಾಕಬ್ಯಾಡ ಅಂತ ಸಾವ್ಕಾರ ಮೂರು ಸಲ ಹೇಳ್ದ. ಹೂಂ ಅಂದ್ಳು. ಸಂಜೀಕ ನೋಡಿದ್ರ ಚೌಕಟ್ಟಿನ ತುಂಬ ಗುಳ್ಳಿ. ಯಾಕಬೇ ಹಾಕ್ದಿ ಅಂದ್ರ, ‘ಹಾಕಿಲ್ರಿ, ಬರೇ ಚಿಮುಕ್ಸೀನಿ’ ಅಂತಾಳ.”

ಅನಸುಬಾಯಿಗೆ ನಗು ಬರಲಿಲ್ಲ. ಸೂಗಮ್ಮನ ಭಾವನೂ ಫರಸಿಯಲ್ಲೇ ಹೋದವನು.

“ಹೆಂಗಸ್ರ ಕೈಗೆ ಅದೇ ಚಟ ಅಂತ ಸಿಟ್ಟಾಗಿ ಸಾವ್ಕಾರ ಗಂಡಸನ್ನ ತಂದ. ನಮ್ಮ ಭಾಗಣ್ಣ, ಮೊದಲು ಪಾಲಿಶ್ ಮಾಡ್ತಿದ್ನಲ್ಲ, ಅವನೇ. ಅವ ತಂಬಿಗಿ ಮುಟ್ಟಲಿಲ್ಲ ನೋಡು. ಸೀದಾ ಬಕೆಟ್ ತಂದ.” ನಜಮುನ್ನೀಸಾಗೆ ಮತ್ತೆ ನಗು ತಡೆಯಲಾಗಲಿಲ್ಲ. “ಸಾವ್ಕಾರ ಓಡಿ ಬಂದ. ಭಾಗಣ್ಣ ಏನಂದ ಗೊತ್ತೇನು? ‘ನಮ್ಮಣ್ಣ ಹ್ವಾದ, ನಮ್ಮ ಕಾಕಾ ಹ್ವಾದ. ಬೇಕಾದ್ರ ಮಿಷನ್ ನೀವೇ ನಡಸ್ಕೋರಿ, ನೀರಿಲ್ದ ನಾ ಅದರ ಮುಂದ ನಿಲ್ಲಾಂಗಿಲ್ಲ.’ ಅಂದು ಬಕೆಟ್ ಅಲ್ಲೇ ಇಟ್ಟು ಹ್ವಾದ.”

“ಆಮ್ಯಾಲ?”

“ಆಮ್ಯಾಲ ಸಾವ್ಕಾರನೇ ಕೂತ.” ಈಗ ನಜಮುನ್ನೀಸಾ ನಗಲಿಲ್ಲ. “ಬಾಗಲಾ ಹಾಕ್ಕೊಂಡು ಕೂತ. ಮಧ್ಯಾಹ್ನದ ತನಕ ಮಿಷನ್ ಸದ್ದು ಕೇಳ್ತಿತ್ತು. ಹೊರಗ ಬಂದಾಗ ಗುರ್ತೇ ಸಿಗ್ಲಿಲ್ಲ. ಹುಬ್ಬು, ಮೀಸಿ, ಎಲ್ಲಾ ಹಿಟ್ಟು. ಕೆಮ್ಮಿದ ನೋಡು, ಬಗ್ಗಿ ಬಗ್ಗಿ ಕೆಮ್ಮಿದ. ಗ್ವಾಡಿಗಿ ಕೈ ಕೊಟ್ಟು ಭಾಳ ಹೊತ್ತು ನಿಂತಿದ್ದ. ಆಮ್ಯಾಲ ನನ್ನ ಮಗನ್ನ ಕರದು, ಇಬ್ರೂ ಟೆಂಪೋದಾಗ ಎಲ್ಲೋ ಹೋದ್ರು. ಇನ್ನೂ ಬಂದಿಲ್ಲ.”

ಅನಸುಬಾಯಿ ಚಹಾ ಇಟ್ಟಳು. ಇಬ್ಬರೂ ಹಳೆಯ ಕಾಲದ ಹಾಗೆ ಒಂದೇ ಬಟ್ಟಲಿನಲ್ಲಿ ಸುರಿದುಕೊಂಡು ಕುಡಿದರು. ಸೋಮವಾರದ ಮಾತನ್ನು ಅವಳು ಗೆಳತಿಗೆ ಹೇಳಲಿಲ್ಲ.

ಭಾನುವಾರ ಸಂಜೆ ಬಸವಲಿಂಗ ಭಂಕೂರಿಗೆ ಬಂದ. ಮನೆಯ ಮುಂದೆ ಮೋಟರ್‌ಸೈಕಲ್ ನಿಲ್ಲಿಸಿ, ಒಳಗೆ ಬರಬೇಕೋ ಬೇಡವೋ ಎಂದು ನಿಂತ. “ಬರ್ರಿ, ಕುಂದ್ರಿ” ಎಂದು ರಮಾಬಾಯಿ ಖುರ್ಚಿ ಹಾಕಿದಳು. ಅನಸುಬಾಯಿ ನೀರು ಕೊಟ್ಟಳು. ಕುಡಿದ. ಅವನ ಅಪ್ಪನಾಗಿದ್ದರೆ ಆ ಮನೆಯ ನೀರು ಕುಡಿಯುತ್ತಿರಲಿಲ್ಲ, ಅದನ್ನೂ ಹೇಳಿಬಿಡಬೇಕು. ಕುಡಿಯುವಾಗ ಒಂದು ಸಲ ಕೆಮ್ಮು ಬಂತು. ಲೋಟ ಕೆಳಗಿಟ್ಟ.

“ಭಾಗಣ್ಣ ಬಕೆಟ್ ತಂದಿದ್ದ” ಎಂದ.

“ಕೇಳ್ದೆ” ಎಂದಳು ಅನಸುಬಾಯಿ.

“ಈ ಊರಾಗ ಯಾರನ್ನ ಕೂಡಿಸಿದ್ರೂ ನೀರು ಹಾಕ್ತಾರ.”

“ಹಾಕ್ತಾರ್ರಿ.”

ಅವನು ತಪ್ಪಾಯಿತು ಎನ್ನಲಿಲ್ಲ. ಸಾವ್ಕಾರರಿಗೆ ಆ ಮಾತು ಬಾಯಿಗೆ ಬರುವುದಿಲ್ಲ, ಬಂದರೂ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. “ಹೈದರಾಬಾದಿನ ಗುಜರಿಯಾಗ ಸೊಹೇಲ್ ಒಂದು ಗಾಳಿ ಎಳೆಯೋ ಮಿಷನ್ ಹುಡುಕಿ ಕೊಟ್ಟಾನ. ನಿನ್ನೆ ರಾತ್ರಿ ತಂದ್ವಿ, ಇವತ್ತ ಕೂಡಿಸಿದ್ವಿ. ನಾಳಿ ಬಾ.”

ನಾಳೆ ಸೋಮವಾರ. ಅನಸುಬಾಯಿ ಕೂಡಲೇ ಹೂಂ ಎನ್ನಲಿಲ್ಲ. “ನೀರಿಲ್ದ ಧೂಳಾಗ ನಾ ಕೂಡಾಂಗಿಲ್ರಿ. ಕೆಲ್ಸ ಉಳಿಸ್ಕೋಳಾಕ ಒಂದಿನ ಕೂತು ನೋಡೀನಿ. ಇನ್ನ ಸಾಧ್ಯ ಇಲ್ಲ.”

“ಬಂದು ನೋಡು. ಮನಸ್ಸಿಗಿ ಬರ್ಲಿಲ್ಲ ಅಂದ್ರ ಎದ್ದು ಹೋಗು.”

“ತಂಬಿಗಿ ತರ್ತೀನಿ” ಎಂದಳು ಅನಸುಬಾಯಿ. ಬಸವಲಿಂಗ “ತಾ” ಎಂದು ಎದ್ದ.

ಮರುದಿನ ಅವಳು ಹೋದಾಗ ಎಲ್ಲರೂ ಅಂಗಳದಲ್ಲೇ ಇದ್ದರು. ಸೂಗಮ್ಮ ಇದ್ದಳು, ಭಾಗಣ್ಣನೂ ಇದ್ದ, ಕೈಯಲ್ಲಿ ಬಕೆಟ್ ಇರಲಿಲ್ಲ. ಪುಡಿ ಮಿಷನ್ನಿನ ಬಾಯಿಗೂ ಬುಡಕ್ಕೂ ತಗಡಿನ ಗೂಡು ಹೊದಿಸಿ, ಅದರಿಂದ ದಪ್ಪ ಕೊಳವೆಯೊಂದನ್ನು ಗೋಡೆ ಕೊರೆದು ಹೊರಗೆ ಒಯ್ದಿದ್ದರು. ಹೊರಗೆ ದಪ್ಪ ಬಟ್ಟೆಯ ಚೀಲ ನೇತುಬಿದ್ದಿತ್ತು. ಸೊಹೇಲ್ ಓಡಿಬಂದು ತೋರಿಸಿದ. “ಎಲ್ಲಾ ಧೂಳು ಇದರಾಗ ಹೋಗಿ ಬೀಳ್ತದ ಖಾಲಾ. ಅದೂ ಹಿಟ್ಟೇ, ಅದನ್ನೂ ಚೌಕಟ್ಟಿಗೇ ಹಾಕೋದು.” ತನ್ನನ್ನು ಕಳ್ಳನೆನ್ನಿಸಿದವಳು ಇವಳೇ ಎಂಬುದು ಅವನಿಗೆ ಗೊತ್ತಿತ್ತು. ಹಾಗಿದ್ದೂ ತಾಯಿಯ ತಂಗಿಯನ್ನು ಕರೆಯುವಂತೆ ಖಾಲಾ ಎಂದ. ಅನಸುಬಾಯಿ ಅವನ ತಲೆಯ ಮೇಲೆ ಕೈಯಿಟ್ಟಳು.

ಅವಳು ತನ್ನ ಜಾಗದಲ್ಲಿ ಕೂತಳು. ತಂಬಿಗೆಯನ್ನು ಬಲಗೈಯ ಪಕ್ಕಕ್ಕೆ ಇಟ್ಟುಕೊಂಡಳು. ಸಾಯಿಕುಮಾರ ಎರಡೂ ಮಿಷನ್ ಚಾಲೂ ಮಾಡಿದ. ಅನಸುಬಾಯಿ ಕಟ್ಟಿಗೆ ಚೂರುಗಳನ್ನು ಹಾಕಿದಳು. ಹಿಟ್ಟು ಬೀಳತೊಡಗಿತು. ಮೇಲೇಳಬೇಕಾದ ಮೋಡ ಏಳುತ್ತಲೇ ಕೊಳವೆಯ ಕಡೆ ಬಾಗಿ ಒಳಗೆ ಹೋಯಿತು. ಅವಳಿಗೆ ನಂಬಿಕೆ ಬರಲಿಲ್ಲ. ಒಂದು ಹಿಡಿ ಹಿಟ್ಟು ತೆಗೆದು ತನ್ನ ಮುಖದ ಮುಂದೆಯೇ ಮೇಲಕ್ಕೆ ತೂರಿದಳು. ಅದೂ ಬಾಗಿತು, ಅದೂ ಹೋಯಿತು. ಇನ್ನೊಂದು ಹಿಡಿ ತೂರಿದಳು. ಮೂಗಿನಿಂದ ಸೆರಗು ತೆಗೆದು ಉದ್ದಕ್ಕೆ ಉಸಿರೆಳೆದು ನೋಡಿದಳು. ಹಳೆ ತೇಗದ ವಾಸನೆ ಬಂತು, ಬೇರೆ ಏನೂ ಬರಲಿಲ್ಲ.

ಇದೊಂದು ಲಾಲಪ್ಪನ ಕಾಲಕ್ಕೆ ಇರಬಾರದಿತ್ತೇ ಎನ್ನಿಸಿತು. ಕಣ್ಣು ತುಂಬಿ ಬಂತು.

ಆಮೇಲೆ ಅವಳು ತಂಬಿಗೆಗೆ ಕೈ ಹಾಕಿದಳು. ಬಾಗಿಲಲ್ಲಿದ್ದ ಬಸವಲಿಂಗ ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ನಿಂತ. ನಜಮುನ್ನೀಸಾಳ ಸುತ್ತಿಗೆ ನಿಂತಿತು. ಅನಸುಬಾಯಿ ತಂಬಿಗೆ ಎತ್ತಿ, ತಲೆ ಹಿಂದಕ್ಕೆ ಬಾಗಿಸಿ, ಆ ನೀರನ್ನು ಗಟಗಟನೆ ಕುಡಿದಳು.